ಸೇರಿಗೊಂದು ಹಿಡಿ

ಹೋದ ಭಾನುವಾರ ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬವಿತ್ತು. ಬೀದರ ಈಗ ದೊಡ್ಡ ಪಟ್ಟಣ. ಸುಗ್ಗಿ ಹಬ್ಬಕ್ಕೆ ಜನ ಬಿಳಿ ಲಕೋಟೆ ತರುತ್ತಾರೆ, ಹೆಚ್ಚೆಂದರೆ ಒಂದು ಕುಂಬಳಕಾಯಿ. ಅದರ ನಡುವೆ ಹಲಬರ್ಗಾ ಕಡೆಯಿಂದ ಬಂದ ಒಬ್ಬ ಹೆಂಗಸು ಸೆರಗಿನ ಗಂಟು ಬಿಚ್ಚಿ ಮುಂದಿದ್ದ ಬುಟ್ಟಿಗೆ ಜೋಳ ಸುರಿದಳು. ಎರಡನೆಯ ಸಾಲಿನಲ್ಲಿ ಕೂತಿದ್ದ ನನಗೆ ವಾಸನೆ ಬಂದು ಬಡಿಯಿತು. ಹುಳಿ, ಮುಗ್ಗಲು, ಹಸಿ ಮಣ್ಣು, ಎಲ್ಲವೂ ಕೂಡಿದ ವಾಸನೆ. ಎಲ್ಲೋ ತೇವದಲ್ಲಿ ಇಟ್ಟಿದ್ದಳೋ ಏನೋ. ಪಕ್ಕದಲ್ಲಿದ್ದ ಸೊಸೆ ಮೂಗಿಗೆ ಸೆರಗು ಹಿಡಿದಳು. ನನಗೆ ಮಾತ್ರ ಎದೆ ಹೊಡೆದುಕೊಳ್ಳತೊಡಗಿತು. ಇಷ್ಟು ವಯಸ್ಸಾದ ಮೇಲೂ ಆ ವಾಸನೆಗೆ ನಾನು ಹೆದರುತ್ತೇನೆ.

ಅದು ಹಗೇವಿನ ವಾಸನೆ. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಕೋಣೆಯಷ್ಟು ಅಗಲ. ಸುತ್ತ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಇರುತ್ತದೆ. ನಮ್ಮೂರ ಪ್ರಾರ್ಥನೆಯ ಮನೆಯ ಅಂಗಳದಲ್ಲಿ ಅಂಥದೊಂದು ಹಗೇವು ಇತ್ತು. ಪೊಲೀಸ್ ಆ್ಯಕ್ಷನ್ ನಡೆದು ಹೈದರಾಬಾದ್ ಸಂಸ್ಥಾನ ಮುಗಿದ ವರ್ಷದ ಮಳೆಗಾಲವನ್ನೆಲ್ಲ ನಮ್ಮ ಮನೆಯವರು ಆ ಹಗೇವಿನ ಮೇಲೆ ಕಣ್ಣಿಟ್ಟುಕೊಂಡು ಕಳೆದೆವು.

ನಮ್ಮದು ಭಾಲ್ಕಿ ಸೀಮೆಯಲ್ಲಿ, ಹಲಬರ್ಗಾದಿಂದ ನಡೆದು ಹೋಗಬೇಕಾದ ಒಂದು ಹಳ್ಳಿ. ಅಲ್ಲಿ ಕ್ರೈಸ್ತರ ಮನೆಗಳು ಎಂಟು. ಅಪ್ಪ ಅವರಿಗೆ ಉಪದೇಶಿ. ಬೆಳಗ್ಗೆ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ, ಭಾನುವಾರ ಪ್ರಸಂಗ ಮಾಡುತ್ತಿದ್ದ. ಊರವರಿಗೆಲ್ಲ ಅವನು ಮಾಸ್ತರ. ಅವನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು ‘ಮನೆವಾರ್ತೆ’. ನಾವು ಯಾವುದಕ್ಕೂ ಯಜಮಾನರಲ್ಲ, ಯಜಮಾನ ಮೇಲಿದ್ದಾನೆ, ನಾವು ಅವನ ಮನೆವಾರ್ತೆ ನೋಡಿಕೊಳ್ಳುವ ಆಳುಗಳು, ಒಂದು ದಿನ ಅವನು ಬಂದು ನನ್ನದನ್ನು ಏನು ಮಾಡಿದೆ ಎಂದು ಕೇಳುತ್ತಾನೆ. ಇದನ್ನು ಅಪ್ಪ ಭಾನುವಾರಕ್ಕೆ ಬಿಟ್ಟವನಲ್ಲ. ದೀಪದ ಎಣ್ಣೆಗೂ, ಉಪ್ಪಿಗೂ, ಸಗಣಿಗೂ ಹಚ್ಚುತ್ತಿದ್ದ. ಹಲ್ಲುಜ್ಜಲು ನಾನು ಮುರಿದ ಬೇವಿನ ಕಡ್ಡಿ ಗೇಣಿಗಿಂತ ಉದ್ದವಿದ್ದರೆ ಅದಕ್ಕೂ ಒಂದು ಪ್ರಸಂಗ ತಯಾರಿರುತ್ತಿತ್ತು. ಅವ್ವ ಅದನ್ನೆಲ್ಲ ಕೇಳಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು.

ಅಪ್ಪನಿಗೆ ಅತಿ ಇಷ್ಟದ ಸಾಮತಿ, ಎಂದರೆ ಬೈಬಲಿನ ನೀತಿಕಥೆ, ಮೂವರು ಆಳುಗಳದ್ದು. ಯಜಮಾನ ದೂರ ದೇಶಕ್ಕೆ ಹೋಗುವಾಗ ಮೂವರ ಕೈಗೂ ತನ್ನ ಸೊತ್ತು ಒಪ್ಪಿಸುತ್ತಾನೆ. ಇಬ್ಬರು ದುಡಿಸಿ ಹೆಚ್ಚಿಸುತ್ತಾರೆ, ಮೂರನೆಯವನು ಹೆದರಿ ನೆಲ ತೋಡಿ ಹೂತಿಡುತ್ತಾನೆ. ಕ್ರಿಸ್ಮಸ್ಸಿಗೆ ಇದನ್ನೇ ಆಟ ಆಡಿಸುತ್ತಿದ್ದರು. ಮೂರನೆಯ ಆಳಿನ ಪಾತ್ರ ಯಾವಾಗಲೂ ಯಾಕೋಬಪ್ಪನದು. ನಮ್ಮ ಎಂಟು ಮನೆಗಳಲ್ಲಿ ಹಿರಿಯ, ಗಟ್ಟಿ ದನಿಯವನು. ಅವನು ಗುದ್ದಲಿ ಹಿಡಿದು ಅತ್ತಿತ್ತ ಕಳ್ಳನಂತೆ ನೋಡುತ್ತ ನೆಲ ಅಗೆಯುವಾಗ ಜನ ಬಿದ್ದು ಬಿದ್ದು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ.

ಇನ್ನೊಂದು ಪದ್ಧತಿ ಹೇಳಬೇಕು. ನಮ್ಮ ಹೆಂಗಸರು ಅಡುಗೆಗೆ ಕಾಳು ಅಳೆದರೆ ಸೇರಿಗೊಂದು ಹಿಡಿ ದೇವರಿಗೆಂದು ಬೇರೆ ತೆಗೆಯುತ್ತಿದ್ದರು. ಭಾನುವಾರ ಅದನ್ನು ತಂದು ಪ್ರಾರ್ಥನೆಯ ಮನೆಯ ಗಡಿಗೆಗೆ ಹಾಕುತ್ತಿದ್ದರು. ಗಡಿಗೆ ಅವ್ವನ ವಶದಲ್ಲಿತ್ತು. ಅದರಿಂದ ವಿಧವೆಯರಿಗೆ, ಹಾದಿಯಲ್ಲಿ ಹಸಿದು ಬಂದವರಿಗೆ ಕೊಡುವುದು. ಅವ್ವ ಔರಾದ ಕಡೆಯ ಕುರಿಗಾರರ ಮನೆಯಲ್ಲಿ ಹುಟ್ಟಿದವಳು. ಅಲ್ಲಿಯವರಂತೆ ಅವಳೂ ಯಾವ ಕಾಳನ್ನೇ ಆಗಲಿ ಬೂದಿ, ಬೇವಿನ ಎಲೆ ಕಲಸಿಯೇ ಇಡುವವಳು. ಪ್ರಾರ್ಥನೆಯ ಮನೆಯ ಗಡಿಗೆಯೂ ಸದಾ ಬೂದಿಮಯ.

ಆ ವರ್ಷ ನಾನು ಬೀದರಿನ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಕೊನೆಯ ವರ್ಗದಲ್ಲಿದ್ದೆ. ಮುಂಗಾರು ಕೂಡುವ ಹೊತ್ತಿಗೆ ಬೋರ್ಡಿಂಗ್ ಮುಚ್ಚಿ ನಮ್ಮನ್ನೆಲ್ಲ ಊರಿಗೆ ಕಳಿಸಿಬಿಟ್ಟರು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಹೈದರಾಬಾದ್ ಸಂಸ್ಥಾನ ಮಾತ್ರ ಇನ್ನೂ ಹೊರಗಿತ್ತು. ಸಂಸ್ಥಾನದ ಪರವಾಗಿ ಬಂದೂಕು ಹಿಡಿದ ಖಾಕಿ ತುಕಡಿಗಳು ಹಳ್ಳಿ ಹಳ್ಳಿ ತಿರುಗುತ್ತಿದ್ದವು. ಗಡಿಯ ಆಚೆಯಿಂದಲೂ ಬಂದೂಕಿನವರು ಬಂದು ಹೋಗುತ್ತಿದ್ದರು. ಯಾರು ಬಂದರೂ ಮೊದಲು ಕೇಳುವುದು ಜೋಳ. ರೈಲಿನಲ್ಲಿ ಅಪ್ಪನ ಪಕ್ಕ ಕೂತು ಬರುವಾಗ ಡಬ್ಬಿಯಲ್ಲಿ ಒಬ್ಬರೂ ಮಾತಾಡಲಿಲ್ಲ. ಸ್ವಭಾವದಿಂದಲೇ ಅಂಜುಬುರುಕಿ ನಾನು. ಆ ಮೌನ ಇನ್ನಷ್ಟು ಹೆದರಿಸಿತು.

ಮನೆಗೆ ಬಂದರೆ ಅಲ್ಲಿ ಬೇರೆಯೇ ಚಿಂತೆ ನಡೆದಿತ್ತು. ನಮ್ಮವರು ಪಾಟೀಲನ ಹೊಲಗಳನ್ನು ಪಾಲಿಗೆ ಮಾಡುವವರು, ಹಿಂಗಾರಿ ಜೋಳವೇ ಅವರ ಬದುಕು. ಹಿಂಗಾರಿಗೆ ಬೇಕಾದ ಬೀಜದ ಜೋಳವನ್ನು ಪ್ರತಿ ಮನೆಯಲ್ಲೂ ಒಳ್ಳೊಳ್ಳೆಯ ತೆನೆ ಆರಿಸಿ, ಬಡಿದು, ಬೂದಿ ಕಲಸಿ ಜಂತಿಗೆ ಕಟ್ಟುತ್ತಿದ್ದರು. ಮೂರು ಹಳ್ಳಿಯಾಚೆ ತುಕಡಿಯವರು ಜಂತಿಯ ಮೇಲಿನ ಬೀಜವನ್ನೂ ಬಿಡದೆ ಹೊತ್ತುಕೊಂಡು ಹೋದ ಸುದ್ದಿ ಬಂದಿತ್ತು. ಬೀಜ ಹೋದರೆ ಹೊಲ ಪಾಳು, ಹೊಲ ಪಾಳಾದರೆ ಪಾಟೀಲ ಬೇರೆಯವರಿಗೆ ಕೊಡುತ್ತಾನೆ, ಆಮೇಲೆ ಊರು ಬಿಡುವುದೊಂದೇ ದಾರಿ. ಎಂಟೂ ಮನೆಯವರು ತಮ್ಮ ಬೀಜದ ಚೀಲಗಳನ್ನು ತಂದು ಅಪ್ಪನ ಮುಂದಿಟ್ಟರು. ನಿಮ್ಮ ಕೈಯಲ್ಲಿರಲಿ ಮಾಸ್ತರ್ರಿ ಎಂದರು. ಅಪ್ಪ ಹಗೇವು ತೋರಿಸಿದ. ಅಲ್ಲಿ ಆಗಲೇ ದಶಮಾಂಶದ, ಎಂದರೆ ಬೆಳೆಯ ಹತ್ತರಲ್ಲೊಂದು ಪಾಲೆಂದು ದೇವರಿಗೆ ಕೊಟ್ಟ ಜೋಳವಿತ್ತು, ಅದರ ನಡುವೆ ಬೀಜವನ್ನೂ ಇಟ್ಟು ಮುಚ್ಚಿಬಿಡೋಣವೆಂದ.

“ಬೀಜದ ಜೋಳನೂ ಒಳಗ ಹಾಕ್ತೀರೇನ್ರಿ?” ಎಂದಳು ಅವ್ವ.

“ಮತ್ತೇನ್ ಮಾಡ್ಲಿ? ಜಂತಿಗಿ ಕಟ್ಟಿದ್ರ ಬಾಗಲಾಗ ನಿಂತವರಿಗೂ ಕಾಣ್ತದ.”

“ತಿನ್ನೋ ಜೋಳ ಹ್ಯಾಂಗರ ಇರ್ತದ. ಬೀಜಕ್ಕ ಉಸಿರು ಬೇಕ್ರಿ. ನೆಲದಾಗ ಕುದ್ದು ಸಾಯ್ತದ.”

“ನನಗ ಗೊತ್ತಿಲ್ಲೇನು?” ಅಪ್ಪನ ದನಿ ಏರಿತು. “ನಾಕ್ ತಿಂಗಳಿಗಿ ಏನೂ ಆಗಂಗಿಲ್ಲ.”

“ಆಗ್ತದೋ ಇಲ್ಲೋ ದೇವರಿಗಿ ಗೊತ್ತು,” ಎಂದ ಯಾಕೋಬಪ್ಪ. “ತುಕಡಿಯವರ ಕೈಗಿ ಹೋತಂದ್ರ ಮಾತ್ರ ಖರೇನೇ ಹೋತು. ಹಾಕ್ರಿ ಮಾಸ್ತರ್ರಿ, ಜಲ್ದಿ ಹಾಕ್ರಿ.”

ಹಗೇವಿಗೆ ಬೀಜ ಹಾಕಬಾರದೆಂದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಅಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಹೆದರಿಕೆಯ ಮುಂದೆ ಯಾರೂ ಬಾಯಿ ಬಿಡಲಿಲ್ಲ. ಅವ್ವನೂ ಮತ್ತೆ ವಾದ ಮಾಡಲಿಲ್ಲ. ಸೇರು ತಂದು ಬೀಜ ಅಳೆಯಲು ಕೂತಳು. ಸೇರಿಗೊಂದು ಹಿಡಿ ತೆಗೆದು ಗಡಿಗೆಗೆ ಹಾಕುತ್ತ ಹೋದಳು.

“ಇವತ್ತೂ ಹಿಡಿ ತೆಗಿಬೇಕೇನು?” ಅಪ್ಪ ಸಿಡುಕಿದ.

“ಇವತ್ತ್ಯಾಕ ಬ್ಯಾಡ? ಇದನ್ನೂ ಅಳದೇ ಹಾಕ್ಲಕತ್ತೀವಲ್ಲ.”

ಅದರಲ್ಲಿ ಅವಳ ಉಪಾಯವೇನೂ ಇರಲಿಲ್ಲ. ಅಳೆದಾಗ ಹಿಡಿ ತೆಗೆಯುವುದು ಅವಳ ಕೈಗೆ ರೂಢಿಯಾಗಿತ್ತು, ಅಷ್ಟೆ. ಗಡಿಗೆ ಮುಕ್ಕಾಲು ತುಂಬಿತು. ಬೂದಿ, ಬೇವಿನ ಎಲೆ ಕಲಸಿ ಅದನ್ನು ಎಂದಿನಂತೆ ಪ್ರಾರ್ಥನೆಯ ಮನೆಯ ಜಂತಿಗೆ ನೇತುಹಾಕಿದಳು. ಚೀಲಗಳು ಹಗೇವಿಗೆ ಇಳಿದವು.

ಅಪ್ಪ ಇನ್ನೊಂದು ಕೆಲಸ ಮಾಡಿದ. ಹಗೇವಿನ ಬಾಯಿಯ ಮೇಲೆ ಮಣ್ಣಿನ ದಿಬ್ಬ ಇರುತ್ತದೆ, ಮಳೆಯ ನೀರು ಹರಿದು ಹೋಗಲೆಂದು. ಹುಡುಕಲು ಬಂದವರಿಗೆ ಆ ದಿಬ್ಬವೇ ಗುರುತು. ಅದನ್ನು ಸವರಿ ನೆಲ ಸಮ ಮಾಡಿದ. ಸಗಣಿ ಸಾರಿಸಿ ಮೇಲೆ ಅವ್ವನ ಬೀಸುಕಲ್ಲು ಇಡಿಸಿದ. ನೋಡಿದರೆ ಬೀಸುವ ಜಾಗ. ಯಾಕೋಬಪ್ಪ ಗುದ್ದಲಿ ಹೆಗಲಿಗೇರಿಸಿಕೊಂಡು ಹೊರಟವನು ಅಪ್ಪನ ಮುಖ ನೋಡಿ ತಟ್ಟನೆ ನೆಲ ನೋಡಿದ. ಇಬ್ಬರಿಗೂ ಕ್ರಿಸ್ಮಸ್ಸಿನ ಆಟ ನೆನಪಾಗಿರಬೇಕು. ಆ ದಿನ ಯಾರೂ ನಗಲಿಲ್ಲ.

ತುಕಡಿಯವರು ಬಂದದ್ದು ಒಂದು ಮಧ್ಯಾಹ್ನ. ನಾನು ಬೀಸುಕಲ್ಲಿನ ಮುಂದೆ ಇದ್ದೆ. ಎದ್ದು ಗೋಡೆಗೆ ಒತ್ತಿ ನಿಂತೆ. ಅವರ ಮುಖ್ಯಸ್ಥ ನೇರವಾಗಿ ಬಂದು ಆ ಬೀಸುಕಲ್ಲಿನ ಮೇಲೆಯೇ ಕೂತು ಬೂಟು ಬಿಚ್ಚಿದ. ಅವನ ಕಾಲ ಕೆಳಗೆ ಎಂಟು ಮನೆಯ ಬೀಜವಿತ್ತು. ನನ್ನ ಹಲ್ಲು ಕಟಕಟ ಎನ್ನುವುದು ಅವನಿಗೆ ಕೇಳಿಸೀತೆಂದು ಸೆರಗು ಕಚ್ಚಿ ಹಿಡಿದೆ. ಅವ್ವ ಚರಿಗೆಯಲ್ಲಿ ನೀರು ಕೊಟ್ಟಳು.

“ಜೋಳ ಎಲ್ಲಿ ಇಟ್ಟೀರಿ ಪಾದ್ರಿ?”

ಅಪ್ಪ ಎರಡೂ ಅಂಗೈ ಚಾಚಿ ತೋರಿಸಿದ. “ನನ್ನ ಕೈಯಾಗ ಏನೂ ಇಲ್ರಿ ಸಾಹೇಬ್.”

ಅವರಲ್ಲೊಬ್ಬ ಒಳಗೆ ಹೋಗಿ ಜಂತಿಯ ಗಡಿಗೆ ನೋಡಿ ಕೈ ಹಾಕಿ ಕೆದಕಿದ. ಬೂದಿ ಹಾರಿ ಕಣ್ಣು ಮೂಗಿಗೆಲ್ಲ ತುಂಬಿ ಕೆಮ್ಮುತ್ತ ಹೊರಗೆ ಬಂದ. ಬರೀ ಬೂದಿ ಎಂದು ಬೈದ. ಎರಡು ಕೋಳಿ ಹಿಡಿದುಕೊಂಡು ಹೋದರು. ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ. ಕೈಯಲ್ಲಿ ಏನೂ ಇಲ್ಲವೆಂದದ್ದು ಸುಳ್ಳೋ ನಿಜವೋ ಎಂದು ಅವ್ವನನ್ನು ಕೇಳುತ್ತಲೇ ಇದ್ದ. ಅವಳು ಊಟ ಮಾಡ್ರಿ ಎಂದಷ್ಟೇ ಅಂದಳು.

ಆಮೇಲೆ ಮಳೆ ಹಿಡಿಯಿತು. ಒಂದೊಂದು ವರ್ಷ ಮೋಡ ನೋಡಿ ನೋಡಿ ಕಣ್ಣು ಸೋಲುವ ಸೀಮೆ ನಮ್ಮದು. ಆ ವರ್ಷ ಮಾತ್ರ ಬಿಟ್ಟೂ ಬಿಡದೆ ಸುರಿಯಿತು. ದಿಬ್ಬವಿಲ್ಲದ ಅಂಗಳದಲ್ಲಿ ನೀರು ಬೀಸುಕಲ್ಲಿನ ಸುತ್ತ ನಿಲ್ಲತೊಡಗಿತು. ಗುಡುಗು ಕೇಳಿದರೆ ಸಾಕು, ಅವ್ವ ಮತ್ತು ನಾನು ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಕಸಬರಿಗೆ ಹಿಡಿದು ಓಡುತ್ತಿದ್ದೆವು. ನೀರು ಗುಡಿಸಿದಷ್ಟೂ ಬರುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿದ್ದ. ಅವನು ಏನು ಬೇಡುತ್ತಿದ್ದನೆಂದು ನನಗೆ ಗೊತ್ತಿತ್ತು, ನಾನೂ ಅದನ್ನೇ ಬೇಡುತ್ತಿದ್ದೆ. ಮಳೆ ನಿಲ್ಲಲಿ. ಭಾಲ್ಕಿ ಸೀಮೆಯಲ್ಲಿ ಮಳೆ ಬೇಡವೆಂದು ದೇವರಿಗೆ ಮೊರೆಯಿಟ್ಟವರು ನಾವೇ ಇರಬೇಕು. ಭಾನುವಾರ ಅದೇ ಅಪ್ಪ ಎದ್ದು ನಿಂತು ಒಳ್ಳೆಯ ಮಳೆಗಾಗಿ ಸ್ತೋತ್ರ ಹೇಳಬೇಕಾಗುತ್ತಿತ್ತು.

ತೆಗೆದು ನೋಡುವಂತಿರಲಿಲ್ಲ. ಮುಚ್ಚಿದ ಹಗೇವು ತೆಗೆದರೆ ಅದರ ವಾಸನೆ ಇಡೀ ಓಣಿಗೆ ಹೋಗುತ್ತದೆ. ತುಕಡಿಯವರು ಭಾಲ್ಕಿ ಹಾದಿಯಲ್ಲೇ ಬಿಡಾರ ಹೂಡಿದ್ದರು. ಒಂದೊಂದು ಮನೆಯವರೂ ಸಂಜೆ ಬಂದು ಏನೋ ನೆಪ ಮಾಡಿ ಅಂಗಳದಲ್ಲಿ ನಿಂತು, ಬೀಸುಕಲ್ಲಿನ ಕಡೆ ಕಣ್ಣು ಹಾಯಿಸಿ ಹೋಗುತ್ತಿದ್ದರು. ಹ್ಯಾಂಗದ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಅಪ್ಪನಿಗೆ ಹಗುರಾಗುತ್ತಿತ್ತೇನೋ. ಆ ತಿಂಗಳುಗಳಲ್ಲಿ ಅವನ ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದ. ಮನೆವಾರ್ತೆ ಎಂಬ ಮಾತು ಅವನ ಬಾಯಲ್ಲಿ ಬರುವುದೇ ನಿಂತುಹೋಯಿತು. ನಾನು ಬೇವಿನ ಕಡ್ಡಿಯನ್ನು ಮೊಳದುದ್ದ ಮುರಿದರೂ ಏನೂ ಅನ್ನುತ್ತಿರಲಿಲ್ಲ. ಅದನ್ನು ನೋಡಿ ನನಗೆ ಅಳು ಬರುತ್ತಿತ್ತು.

ಭಾದ್ರಪದದಲ್ಲಿ ಒಂದು ಬೆಳಗ್ಗೆ ಬೀದರಿನ ಕಡೆ ವಿಮಾನಗಳು ಹೋದವು. ನಾನು ವಿಮಾನ ನೋಡಿದ್ದು ಅದೇ ಮೊದಲು. ರೈಲಿನ ಓಡಾಟ ನಿಂತಿತು. ಕೆಲವೇ ದಿನಗಳಲ್ಲಿ ಭಾಲ್ಕಿ ಹಾದಿಯಲ್ಲಿ ದಂಡಿನ ಲಾರಿಗಳು ಸಾಲುಗಟ್ಟಿ ಹೋದವು. ಸಂಸ್ಥಾನ ಮುಗಿಯಿತೆಂದರು. ತುಕಡಿಯವರು ಎಲ್ಲಿ ಹೋದರೋ, ಅವರ ಖಾಕಿ ಅಂಗಿಗಳು ಬಾವಿಯಲ್ಲಿ ತೇಲುತ್ತಿದ್ದವು. ನಮ್ಮವರು ಉಸಿರು ಬಿಟ್ಟರು. ಆದರೆ ಹೆದರಿಕೆ ಊರು ಬಿಟ್ಟು ಹೋಗಲಿಲ್ಲ. ಒಂದು ಮನೆಯಿಂದ ಎದ್ದು ಇನ್ನೊಂದು ಮನೆಗೆ ಹೋಯಿತು. ಆ ತುಕಡಿಗಳ ಮೇಲಿನ ಸಿಟ್ಟನ್ನು ಜನ ಏನೂ ಅರಿಯದ ಮುಸಲ್ಮಾನರ ಮನೆಗಳ ಮೇಲೆ ತೀರಿಸಿಕೊಳ್ಳತೊಡಗಿದರು.

ನಮ್ಮ ಓಣಿಯ ಕೊನೆಗೆ ಬಂದಗಿಸಾಬನ ಮನೆ. ಹಳ್ಳದ ದಂಡೆಯಲ್ಲಿ ಒಂದು ತುಂಡು ಹೊಲ, ಒಂದು ಗಾಡಿ, ಎರಡೆತ್ತು ಅವನ ಬದುಕು. ತುಕಡಿಯವರಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ವಿಮಾನ ಹೋದ ದಿನ ಅವನು ಗಾಡಿ ಹೂಡಿಕೊಂಡು ಹೋಗಿ ಬೀದರಿನಲ್ಲಿದ್ದ. ತಿರುಗಿ ಬರಲೇ ಇಲ್ಲ. ಅವನ ಹೆಂಡತಿ ಹುಸೇನಬಿ ಎರಡು ಹೆಣ್ಣುಮಕ್ಕಳ ಕೈ ಹಿಡಿದು ದೀಪ ಹಚ್ಚುವ ಹೊತ್ತಿಗೆ ನಮ್ಮ ಬಾಗಿಲಿಗೆ ಬಂದಳು. ಚಪ್ಪಲಿ ಕೂಡ ಇರಲಿಲ್ಲ.

“ಅಕ್ಕಾ, ಒಂದ್ ರಾತ್ರಿ ಇಟ್ಕೋರಿ.”

“ಒಳಗ ಬಾ ಮೊದಲ,” ಎಂದಳು ಅವ್ವ. “ರಾತ್ರಿ ಎಣಸೋದು ಆಮ್ಯಾಲ.”

ಅವಳ ಹಿಂದೆ ಬೇರೆ ಹಳ್ಳಿಯಿಂದ ಓಡಿ ಬಂದ ಮತ್ತೆ ಕೆಲವು ಹೆಂಗಸರು, ಮಕ್ಕಳು ಬಂದರು. ಪ್ರಾರ್ಥನೆಯ ಮನೆ ತುಂಬಿತು. ನಮ್ಮ ಮನೆಯ ಹಿಟ್ಟು ಮುಗಿಯಿತು. ಮರುದಿನ ಸಂಜೆ ಒಂದು ಕೂಸು ಅಳು ನಿಲ್ಲಿಸಲೇ ಇಲ್ಲ. ನಾನು ಜಂತಿಯ ಗಡಿಗೆ ನೋಡಿದೆ. ಅವ್ವನೂ ನೋಡಿದಳು. ಅವಳ ಕೈ ಹಗ್ಗದ ತನಕ ಹೋಗಿ ಹಿಂದೆ ಬಂತು.

“ಹಸದವರ ಸಲುವಾಗೇ ಅಲ್ಲೇನವ್ವ ಆ ಗಡಿಗಿ?” ಎಂದೆ. ನನಗೆ ಸಿಟ್ಟು ಬಂದಿತ್ತು.

“ಹೌದು. ಖರೇ ಇದರಾಗ ಬೀಜ ಅದ. ಹಗೇವಿನಾಗಿಂದು ಹ್ಯಾಂಗದ ಅಂಬೋದು ತಿಳಿಯೋ ತನಕ ನಾ ಮುಟ್ಟಂಗಿಲ್ಲ. ಇದು ನಂದಲ್ಲ.” ಅವಳು ಅಪ್ಪನ ಕಡೆ ತಿರುಗಿದಳು. “ಇನ್ನಾ ಎಷ್ಟು ದಿನ ಮುಚ್ಚಿಡ್ತೀರಿ? ಬೆಳಗಾದ ಮ್ಯಾಲ ತೆಗಿರಿ.”

“ತೆಗದ್ರ ವಾಸನಿ ಹೋಗ್ತದ. ಮಂದಿ ಬರ್ತಾರ. ಇವರು ಒಳಗದಾರ.”

“ತೆಗಿಲಿಲ್ಲಂದ್ರ ಇವರು ಒಳಗೇ ಸಾಯ್ತಾರ.”

ಬೆಳಗಾದ ಮೇಲೆ ಯಾಕೋಬಪ್ಪ ಬಂದ. ಬೀಸುಕಲ್ಲು ಸರಿಸಿ ಬಾಯಿ ತೆಗೆದರು. ಕಂದೀಲು ಹಗ್ಗಕ್ಕೆ ಕಟ್ಟಿ ಇಳಿಸಿದರು. ಒಳಗಿನ ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆ, ಇಳಿದವನು ಉಳಿಯುವುದಿಲ್ಲ. ದೀಪ ಆರಿತು. ಕಾದರು. ಮತ್ತೆ ಇಳಿಸಿದರು, ಮತ್ತೆ ಆರಿತು. ಅಷ್ಟರಲ್ಲಿ ಆ ವಾಸನೆ ಅಂಗಳ ತುಂಬಿ, ಗೋಡೆ ದಾಟಿ ಓಣಿಗೆ ಹೋಗಿತ್ತು. ನಾನು ಹಾದಿ ನೋಡುತ್ತ ನಿಂತೆ. ಕಂದೀಲು ಆರದೆ ಉಳಿದು ಯಾಕೋಬಪ್ಪ ಒಳಗಿಳಿಯುವ ಹೊತ್ತಿಗೆ ಹಾದಿಯಲ್ಲಿ ಜನ ಕಂಡರು. ಕೆಲವರ ಕೈಯಲ್ಲಿ ಬಡಿಗೆ, ಕೊಡಲಿ.

“ಮಾಸ್ತರ, ಹಗೇವು ತೆಗದೀರಿ ಅಂತ ಗೊತ್ತಾತು. ಒಳಗ ಯಾರ್ ಅದಾರ?” ಎಂದ ಮುಂದೆ ನಿಂತವನು.

ಪ್ರಾರ್ಥನೆಯ ಮನೆಯೊಳಗೆ ಕೂಸಿನ ಅಳು ತಟ್ಟನೆ ನಿಂತಿತು. ಯಾರೋ ಬಾಯಿ ಮುಚ್ಚಿರಬೇಕು. ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ತುಕಡಿಯವರ ಮುಂದೆ ಚಾಚಿದಂತೆ ಈಗಲೂ ಅಂಗೈ ಚಾಚುತ್ತಾನೆ, ಯಾರೂ ಇಲ್ಲವೆನ್ನುತ್ತಾನೆ ಎಂದುಕೊಂಡೆ. ಹಾಗೆ ಅನ್ನಲಿ ದೇವರೇ ಎಂದು ಬೇಡಿಕೊಂಡೆ.

“ಅದಾರ,” ಎಂದ ಅಪ್ಪ. “ಬಂದಗಿಸಾಬನ ಹೇಣ್ತಿ, ಮಕ್ಕಳು, ಇನ್ನಾ ನಾಕು ಮಂದಿ. ನನ್ನ ಕೈಯಾಗ ಒಪ್ಪಿಸ್ಯಾರ. ನಿಮಗ ಜೋಳ ಬೇಕಂದ್ರ ಒಯ್ರಿ. ಅವರನ್ನ ಮಾತ್ರ ಕೊಡಂಗಿಲ್ಲ.”

“ಯಾರ್ ಒಪ್ಪಿಸ್ಯಾರ ನಿನ್ನ ಕೈಯಾಗ?”

ಅಪ್ಪ ಬಾಗಿಲು ಬಿಟ್ಟು ಕದಲಲಿಲ್ಲ. ಹಗೇವಿನಿಂದ ಯಾಕೋಬಪ್ಪ ತಲೆ ಹೊರಗೆ ಹಾಕಿದ. ಮೈಯೆಲ್ಲ ಹುಳಿತ ಜೋಳ ಮೆತ್ತಿಕೊಂಡಿತ್ತು. ಏನಾಗುತ್ತಿದೆ ಎಂದು ಒಂದೇ ನೋಟಕ್ಕೆ ತಿಳಿದುಕೊಂಡು, ತನ್ನ ಗಟ್ಟಿ ದನಿಯಲ್ಲಿ ಕೂಗಿದ. “ಯಾರಿಗಿ ಬೇಕ್ರಪ್ಪೋ ಜೋಳ? ಟವಲ್ ತರ್ರಿ! ಬಡಿಗಿ ಕೆಳಗ ಇಡ್ರಿ, ಎರಡೂ ಕೈಲೇ ಹಿಡಿಬೇಕಾಗ್ತದ!” ಹಸಿವು ಎಲ್ಲರ ಮನೆಯಲ್ಲೂ ಇತ್ತು. ಒಬ್ಬ ಬಡಿಗೆ ಗೋಡೆಗೆ ಆನಿಸಿ ಟವಲ್ ಹಾಸಿದ. ಅವನ ಹಿಂದೆ ಇನ್ನೊಬ್ಬ. ಕೊನೆಗೆ ಕೊಡಲಿ ಹಿಡಿದವನೂ ತುಂಬಿಸಿಕೊಂಡ. ಅವರು ಹೋದ ಮೇಲೆ ಅಪ್ಪ ಹೊಸ್ತಿಲ ಮೇಲೆ ಕುಸಿದು ಕೂತ. ಅವ್ವ ನೀರು ತಂದು ಕೊಟ್ಟಳು.

ಹಗೇವಿನ ಮೇಲಿನ ಜೋಳ, ಗೋಡೆಗೆ ತಾಗಿದ ಜೋಳ ಕೊಳೆತಿತ್ತು. ಉಳಿದದ್ದು ವಾಸನೆ ಹಿಡಿದಿತ್ತು, ಆದರೆ ತೊಳೆದು ಒಣಗಿಸಿ ತಿನ್ನಬಹುದಿತ್ತು. ನಡುವೆ ಇದ್ದ ಬೀಜದ ಚೀಲಗಳಿಗೆ ನೀರು ತಾಗಿರಲಿಲ್ಲ. ಕಾಳು ಗಟ್ಟಿಯಾಗಿ, ಕೊಂಚ ಕೆಂಪಾಗಿತ್ತು. ಎಂಟೂ ಮನೆಯವರು ಮುಟ್ಟಿ ಮುಟ್ಟಿ ನೋಡಿದರು. ಅವ್ವ ಪ್ರತಿ ಚೀಲದಿಂದ ಒಂದಿಷ್ಟು ಕಾಳು ತೆಗೆದು ಒದ್ದೆ ಬಟ್ಟೆಯಲ್ಲಿ ಬೇರೆ ಬೇರೆ ಗಂಟು ಕಟ್ಟಿದಳು. ಗಡಿಗೆಯ ಕಾಳಿನದೂ ಒಂದು ಗಂಟು. ಮೊಳಕೆ ಬಂದರೆ ಬೀಜ, ಬಾರದಿದ್ದರೆ ಬರೀ ಜೋಳ. ಗಂಟುಗಳನ್ನು ಒಲೆಯ ಪಕ್ಕ ಇಟ್ಟು ನಾವು ಕಾದೆವು. ಮಳೆಗಾಲವಿಡೀ ಪಟ್ಟ ಹೆದರಿಕೆ ಒಂದು ತೂಕ, ಆ ಕಾಯುವಿಕೆಯೇ ಒಂದು ತೂಕ. ಅಪ್ಪ ಒಲೆಯ ಕಡೆ ಬರಲೇ ಇಲ್ಲ, ಹೊರಗೇ ಊಟ ಮಾಡಿದ.

ಬಿಚ್ಚಿದ ದಿನ ಎಲ್ಲರೂ ಬಂದಿದ್ದರು. ಒಂದೊಂದು ಗಂಟು ಬಿಚ್ಚಿದಾಗಲೂ ಲೋಳೆಯಾದ ಕಾಳು ಬಟ್ಟೆಗೆ ಅಂಟಿಕೊಂಡಿತ್ತು. ಎಂಟೂ ಹಾಗೆಯೇ. ಯಾಕೋಬಪ್ಪನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಕೊನೆಗೆ ಅವ್ವ ಗಡಿಗೆಯ ಗಂಟು ಬಿಚ್ಚಿದಳು. ಬಿಳಿ ಮೊಳಕೆಗಳು ಒಂದಕ್ಕೊಂದು ಹೆಣೆದುಕೊಂಡು, ಬಟ್ಟೆಯನ್ನು ತೂರಿ ಹೊರಗೆ ಬಂದಿದ್ದವು. ಅದನ್ನು ಕಂಡ ಸಂತೋಷಕ್ಕಿಂತ ಹೆಚ್ಚಾಗಿ ನನಗೆ ಹೆದರಿಕೆಯೇ ಆಯಿತು. ಹಿಂದಿನ ವಾರ ಆ ಗಡಿಗೆ ಇಳಿಸಿ ಬೀಸಿಬಿಡಲೆಂದು ಸಿಟ್ಟು ಮಾಡಿದವಳು ನಾನೇ ಅಲ್ಲವೆ.

“ಎಂಟು ಪಾಲು ಹಾಕ್ರಿ,” ಎಂದ ಯಾಕೋಬಪ್ಪ.

“ಎಂಟು ಪಾಲು ಹಾಕಿದ್ರ ಒಬ್ಬಬ್ಬರಿಗಿ ಹಕ್ಕಿಗಿ ಚೆಲ್ಲೋವಷ್ಟು ಬರ್ತದ,” ಎಂದಳು ಅವ್ವ. “ಒಂದೇ ಹೊಲದಾಗ ಬಿತ್ತಬೇಕು. ಬೆಳದದ್ದು ಮುಂದಿನ ವರ್ಷಕ್ಕ ಎಲ್ಲರಿಗೂ ಬೀಜ ಆಗ್ತದ.”

“ಯಾರ ಹೊಲದಾಗ?”

ನಮ್ಮವರ ಹೊಲಗಳೆಲ್ಲ ಪಾಲಿನವು. ಪಾಟೀಲ ಊರು ಬಿಟ್ಟಿದ್ದ. ಬಿತ್ತಿದವರು ಕೊಯ್ಯುತ್ತಾರೆಂಬ ಭರವಸೆ ಆ ಹೊತ್ತಿನಲ್ಲಿ ಯಾರಿಗೂ ಇರಲಿಲ್ಲ. ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಹುಸೇನಬಿ ಮೊರ ಕೆಳಗಿಟ್ಟಳು.

“ನನ್ನ ಹೊಲ ಅದ ಅಕ್ಕಾ. ಹಳ್ಳದ ದಂಡಿದು, ನಮ್ಮ ಹೆಸರಿಂದು. ಗಂಡಸಿಲ್ಲ, ಎತ್ತಿಲ್ಲ. ನೀವು ಬಿತ್ತಲಿಲ್ಲಂದ್ರ ನಾಳಿ ಯಾರೋ ಬೇಲಿ ಹಾಕ್ತಾರ. ಅರ್ಧ ನಿಮಗ, ಅರ್ಧ ನನ್ನ ಮಕ್ಕಳಿಗಿ.”

ಯಾಕೋಬಪ್ಪ ಎದ್ದು ನಿಂತ. “ಅವರ ಮಂದಿ ಸಲುವಾಗೇ ನಾವು ಬೀಜ ಹೂತಿದ್ದು. ಈಗ ಉಳದದ್ದೂ ಅವರ ಹೊಲಕ್ಕೇ ಹಾಕಬೇಕೇನು?”

ಹುಸೇನಬಿ ತಲೆ ತಗ್ಗಿಸಿದಳು. ಅವ್ವ ಸಿಟ್ಟಿಗೇಳಲಿಲ್ಲ. “ಇಕಿ ಸಲುವಾಗಿ ಹೂತಿದ್ದೇನು ಯಾಕೋಬಣ್ಣಾ? ನಮ್ಮ ಅಂಜಿಕಿ ಸಲುವಾಗಿ ಹೂತಿವಿ. ನೀನೂ ಇದ್ದಿ, ನಾನೂ ಇದ್ದೆ.”

ಯಾಕೋಬಪ್ಪ ಹೊರಟುಹೋದ. ಅವನ ಎತ್ತುಗಳಿಲ್ಲದೆ ಬಿತ್ತುವಂತಿರಲಿಲ್ಲ. ಮಣ್ಣಿನ ಹದ ಆರಿ ಹೋಗುತ್ತಿತ್ತು. ಅಪ್ಪ ದಿನಾ ಹಳ್ಳದ ದಂಡೆಗೆ ಹೋಗಿ ಮಣ್ಣು ಹಿಡಿದು ನೋಡಿ ಬರುತ್ತಿದ್ದ. ಇನ್ನು ತಡಮಾಡಿದರೆ ಬಿತ್ತಿಯೂ ಸುಖವಿಲ್ಲವೆನ್ನುವಾಗ, ಒಂದು ಬೆಳಗ್ಗೆ ನಾವು ಹೋಗಿ ನೋಡಿದರೆ ಯಾಕೋಬಪ್ಪ ಕೂರಿಗೆ ಹೂಡಿ ಹುಸೇನಬಿಯ ಹೊಲದಲ್ಲಿ ನಿಂತಿದ್ದ. ಯಾರ ಮುಖವನ್ನೂ ನೋಡದೆ, “ಬೀಜ ಬಿಡವರು ಜಲ್ದಿ ಬರ್ರಿ” ಎಂದ. ಅವ್ವ ಮತ್ತು ಹುಸೇನಬಿ ಮಡಿಲಿಗೆ ಬೀಜ ಹಾಕಿಕೊಂಡು ಕೂರಿಗೆಯ ಹಿಂದೆ ನಡೆದರು. ಮುಷ್ಟಿಯಿಂದ ಒಂದು ಕಾಳೂ ಹೆಚ್ಚು ಜಾರದಂತೆ ಬಿಡುತ್ತ, ಉಸಿರು ಹಿಡಿದು ನಡೆದರು. ಗಡಿಗೆ ಖಾಲಿಯಾದಾಗ ಹೊಲವೂ ಮುಗಿಯುತ್ತ ಬಂದಿತ್ತು.

ಆ ಚಳಿಗಾಲವೆಲ್ಲ ನಾವು ಹಗೇವಿನ ಜೋಳದ ರೊಟ್ಟಿ ತಿಂದೆವು. ಎಷ್ಟು ತೊಳೆದರೂ ಆ ವಾಸನೆ ಹೋಗುತ್ತಿರಲಿಲ್ಲ. ಮೈಗೆ, ಹಾಸಿಗೆಗೆ, ತಲೆಗೂದಲಿಗೆ ಅಂಟಿಕೊಂಡಿತ್ತು. ಒಂದೊಂದು ತುತ್ತಿಗೂ ಬೆಳೆ ಬಂದೀತೋ ಇಲ್ಲವೋ ಎಂಬ ಚಿಂತೆ ಕೂಡಿಕೊಂಡೇ ಗಂಟಲಿಗೆ ಇಳಿಯುತ್ತಿತ್ತು. ಒಂದು ಮನೆಯವರು ಕಾಯಲಾರದೆ ಊರು ಬಿಟ್ಟರು. ಹೋದ ಭಾನುವಾರ ನನ್ನ ಎದೆ ಹೊಡೆದುಕೊಂಡದ್ದು ಅದಕ್ಕೇ. ನನಗೆ ಆ ವಾಸನೆಯೂ ಹೆದರಿಕೆಯೂ ಬೇರೆ ಬೇರೆ ಅಲ್ಲ.

ಬೆಳೆ ಬಂತು. ಹಳ್ಳದ ದಂಡೆಯ ಕಪ್ಪು ಮಣ್ಣಿನಲ್ಲಿ ಮುಷ್ಟಿ ಗಾತ್ರದ ತೆನೆ ಬಂತು. ಎಲ್ಲರೂ ಕೂಡಿ ಕೊಯ್ದು, ಕಣ ಮಾಡಿ, ಅರ್ಧ ಹುಸೇನಬಿಗೆ ಅಳೆದರು. ಇನ್ನರ್ಧವನ್ನು ಬೀಜಕ್ಕೆಂದು ಎಂಟು ಪಾಲು ಮಾಡಿದರು, ಊರು ಬಿಟ್ಟವರ ಪಾಲನ್ನೂ ಅವ್ವ ಬೂದಿ ಕಲಸಿ ಎತ್ತಿಟ್ಟಳು. ಬಂದಗಿಸಾಬ ಬರಲಿಲ್ಲ. ಆದರೆ ಅವನ ಹೊಲಕ್ಕೆ ಯಾರೂ ಬೇಲಿ ಹಾಕಲಿಲ್ಲ.

ಅದರ ಮುಂದಿನ ಭಾನುವಾರ ಪ್ರಾರ್ಥನೆಯ ಮನೆಯಲ್ಲಿ ಸುಗ್ಗಿಯ ಆರಾಧನೆ. ಹುಸೇನಬಿಯೂ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬಂದು ಬಾಗಿಲ ಬಳಿ ಕೂತಿದ್ದಳು. ಅಪ್ಪ ಬಹಳ ತಿಂಗಳ ಮೇಲೆ ಆ ಮೂವರು ಆಳುಗಳ ಸಾಮತಿ ತೆಗೆದ. ಓದುತ್ತ ಮೂರನೆಯ ಆಳಿನ ಮಾತಿಗೆ ಬಂದ, ಹೆದರಿ ನೆಲದಲ್ಲಿ ಬಚ್ಚಿಟ್ಟೆ ಎಂಬಲ್ಲಿಗೆ. ಅಲ್ಲಿ ನಿಂತುಬಿಟ್ಟ. ಯಾಕೋಬಪ್ಪ ತನ್ನ ಪಾದ ನೋಡುತ್ತ ಕೂತಿದ್ದ.

“ಓದ್ರಿ ಮುಂದ,” ಎಂದಳು ಅವ್ವ, ಹೆಂಗಸರ ಸಾಲಿನಿಂದ.

“ಮುಂದ ಅವನ್ನ ಹೊರಗ ಕತ್ತಲಾಗ ಹಾಕ್ತಾರ,” ಎಂದ ಅಪ್ಪ. “ನಾನೂ ಅಂಜಿ ಹೂತಿಟ್ಟವನೇ. ನನ್ನ ಯಾಕ ಹೊರಗ ಹಾಕಲಿಲ್ಲೋ, ನನಗ ತಿಳಿವಲ್ದು.”

ಪುಸ್ತಕ ಮುಚ್ಚಿದ. ಅವ್ವ ಎದ್ದು ಖಾಲಿ ಗಡಿಗೆ ಹಿಡಿದು ಹಿಡಿ ಕೇಳಲು ಹೊರಟವಳು ಎಲ್ಲರಿಗಿಂತ ಮೊದಲು ಅವನ ಮುಂದೆಯೇ ಹೋಗಿ ನಿಂತಳು. ಅಪ್ಪ ಏನೂ ತಂದಿರಲಿಲ್ಲ. ತಿಳಿಯದೆ ಎರಡೂ ಅಂಗೈ ಚಾಚಿದ, ಅಂದು ತುಕಡಿಯವರಿಗೆ ತೋರಿಸಿದಂತೆಯೇ. ಹುಸೇನಬಿ ಬಾಗಿಲ ಬಳಿಯಿಂದ ಎದ್ದು ಬಂದಳು. ಗಂಟು ಬಿಚ್ಚಿ ಹೊಸ ಜೋಳ ಹಿಡಿ ತುಂಬ ತೆಗೆದು, ಮೇಲಿನಿಂದ ಅವನ ಅಂಗೈಗೆ ಸುರಿದಳು.

“ಸೇರಿಗೊಂದು ಅಲ್ಲೇನಕ್ಕಾ?” ಎಂದು ಅವ್ವನನ್ನು ಕೇಳಿ, ಗಡಿಗೆಗೆಂದು ಇನ್ನೊಂದು ಹಿಡಿ ತೆಗೆದಳು.